ಜುಲೈ ತಿಂಗಳಿಗೆ ಕೆಂಪು ಕಾಯಿ

ನೈರೋಬಿಗೆ ಬಂದ ಮೊದಲ ಜುಲೈನಲ್ಲಿ ನಾನು ಅತ್ತುಬಿಟ್ಟೆ. ಅದನ್ನು ಮುಚ್ಚಿಡುವುದಿಲ್ಲ, ಮುಂದಿನದೆಲ್ಲ ಶುರುವಾದದ್ದೇ ಆ ಅಳುವಿನಿಂದ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಸ್ವೆಟರುಗಳನ್ನೆಲ್ಲ ಮೈಸೂರಿನಲ್ಲಿ ನಾದಿನಿಗೆ ಕೊಟ್ಟು ಬಂದವಳು ನಾನು. ಇಲ್ಲಿ ಜೂನ್‌ನಲ್ಲಿ ಮೋಡ ಬಂದು ತಲೆಯ ಮೇಲೆ ಕೂತರೆ ಆಗಸ್ಟ್ ಮುಗಿಯುವವರೆಗೂ ಏಳುವುದಿಲ್ಲ. ಸರಿಯಾಗಿ ಮಳೆಯಾದರೂ ಸುರಿಯುತ್ತದೆಯೇ ಎಂದರೆ ಅದೂ ಇಲ್ಲ. ಕಿಲೆಲೆಶ್ವಾದ ನಮ್ಮ ನೆಲಮಹಡಿ ಫ್ಲ್ಯಾಟಿನ ಅಡುಗೆಮನೆ ಕಿಟಕಿಯಲ್ಲಿ ಕಾಣುವುದು ಬೂದುಬಣ್ಣದ ಕಾಂಪೌಂಡು ಗೋಡೆ, ಅದರ ಮೇಲೆ ಕರೆಂಟಿನ ತಂತಿ, ಅದರ ಮೇಲೆ ಬೂದುಬಣ್ಣದ ಆಕಾಶ. ಚಪಾತಿ ಲಟ್ಟಿಸುತ್ತಾ ಅದನ್ನೇ ನೋಡುತ್ತಿದ್ದವಳಿಗೆ ಒಂದು ಸಂಜೆ ಕಣ್ಣೀರು ತಡೆಯಲಾಗಲಿಲ್ಲ. ಆಗಷ್ಟೇ ಫ್ಯಾಕ್ಟರಿಯಿಂದ ಬಂದ ಗಂಡನಿಗೆ, "ನನ್ನನ್ನ ಊರಿಗೆ ಕಳಿಸಿಬಿಡ್ರೀ" ಎಂದೆ.

ಬೇಜಾರಿನಲ್ಲಿ ಆಡಿದ ಮಾತು ಅದು. ಆದರೆ ಅವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಇಲ್ಲಿನ ಔಷಧ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಊರ ಕಡೆಯವರಲ್ಲಿ ಒಂದು ಪದ್ಧತಿಯೇ ಇದೆ. ಮಕ್ಕಳು ಹೈಸ್ಕೂಲಿಗೆ ಬಂದ ಕೂಡಲೇ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಗಂಡಸು ಒಬ್ಬನೇ ಉಳಿಯುತ್ತಾನೆ. ಅಂಥವರು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಸಾರನ್ನವನ್ನು ಮತ್ತೆ ಮತ್ತೆ ಬಡಿಸಿಕೊಂಡು, ಮೊಬೈಲಿನಲ್ಲಿ ಮಕ್ಕಳ ಫೋಟೋ ತೋರಿಸಿ, ಸಂಜೆಯಾದರೂ ಏಳಲು ಮನಸ್ಸಿಲ್ಲದೆ ಕೂತಿರುತ್ತಿದ್ದರು.

"ಮಗಳು ಏಳನೇ ಕ್ಲಾಸು ಮುಗಿಸ್ಲಿ, ನೀವಿಬ್ರೂ ಮೈಸೂರಿಗೆ ಹೋಗ್ಬಿಡಿ. ನಿನಗೆ ಹೇಗೂ ಇಲ್ಲಿನ ಕೋಲ್ಡ್ ಆಗಿಬರಲ್ಲ. ನಾನು ಹೇಗೋ ಮ್ಯಾನೇಜ್ ಮಾಡ್ತೀನಿ" ಎಂದರು ನಮ್ಮವರು.

ಆ 'ಹೇಗೋ' ಕೇಳಿ ನನಗೆ ಮೈಯೆಲ್ಲ ಉರಿಯಿತು. ಎದುರಿಗಿರುವ ಉಪ್ಪಿನ ಡಬ್ಬಿ ಕಾಣದ ಮನುಷ್ಯ ಹೇಗೋ ಮ್ಯಾನೇಜ್ ಮಾಡುತ್ತಾರಂತೆ! ಹೋಗುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದೆ. ನನ್ನನ್ನು ಕಳಿಸಲು ಅವರ ಹತ್ತಿರ ಇದ್ದ ಕಾರಣ ಜುಲೈ ತಿಂಗಳು. ಅದನ್ನು ನಾನು ತಡೆದುಕೊಂಡು ತೋರಿಸಿದರೆ ಮುಗಿಯಿತು. ತಡೆದುಕೊಳ್ಳಬೇಕಾದರೆ ಆ ಕಿಟಕಿಯಲ್ಲಿ ಏನಾದರೂ ಬಣ್ಣ ಬೇಕು. ಹೂವಿನ ಗಿಡಗಳು ಆ ಚಳಿಯಲ್ಲಿ ಮುದುಡಿ ನಿಲ್ಲುತ್ತಿದ್ದವು. ಹಾಗಾಗಿ ಕಾಯಿ ಬಿಡುವ ಗಿಡವೇ ಆಗಬೇಕು, ಗೊಂಚಲು ಗೊಂಚಲಾಗಿ, ವಾರಗಟ್ಟಲೆ ಉದುರದೆ ನಿಲ್ಲುವಂಥದ್ದು.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎಲ್ಲರೂ ಅಕ್ಟೋಬರಿನ ಚಳಿ, ಡಿಸೆಂಬರಿನ ಹಿಮ ಎಂದು ಬರೆದಿದ್ದರು. ಭೂಮಧ್ಯರೇಖೆಯ ಪಕ್ಕದಲ್ಲಿ ಕೂತವಳಿಗೆ ಅದರಿಂದ ಏನು ಪ್ರಯೋಜನ? ಪಕ್ಕದ ಬಡಾವಣೆ ಲ್ಯಾವಿಂಗ್ಟನ್ನಿನ ರಸ್ತೆ ಬದಿಯ ನರ್ಸರಿಯವನನ್ನು, ಯಾವುದು ಜುಲೈನಲ್ಲಿ ಕಾಯಿ ಬಿಡುತ್ತದೆ ಎಂದು ಕೇಳಿದೆ. ಯಾವ ಗಿಡ ತೋರಿಸಿದರೂ "ಸವಾ, ಸವಾ", ಅಂದರೆ ಸರಿ ಸರಿ, ಎಂದು ತಲೆಯಾಡಿಸಿದ. ಗುಲಾಬಿ ಗಿಡಕ್ಕೂ ಸವಾ ಎಂದ ಮೇಲೆ ಅವನ ಸಹವಾಸ ಸಾಕೆನಿಸಿತು.

ಎರಡನೆಯ ಜುಲೈ ಬಂದಾಗ ನಾನೇ ನಡೆಯಲು ಹೊರಟೆ. ಜುಲೈನಲ್ಲಿ ಯಾವ ಗಿಡದ ಮೇಲೆ ಕಾಯಿ ಇದೆಯೋ ಅದೇ ತಾನೇ ಜುಲೈನ ಗಿಡ! ಲ್ಯಾವಿಂಗ್ಟನ್ನಿನ ಬೇಲಿಗಳನ್ನೆಲ್ಲ ನೋಡಿದೆ, ದೊಡ್ಡ ಮನೆಗಳ ಮುಥೈಗಾ ಬಡಾವಣೆಗೂ ಹೋದೆ. ಅಲ್ಲಿ ರಾಯಭಾರಿಯೊಬ್ಬರ ಮನೆಯ ಗೇಟಿನಿಂದ ಕಾವಲಿನವನು ಓಡಿ ಬಂದು, ಗೋಡೆಯನ್ನು ಯಾಕೆ ಅಷ್ಟು ಹೊತ್ತು ನೋಡುತ್ತಿದ್ದೀರಿ ಎಂದು ಕೇಳಿದ. ಗೋಡೆಯನ್ನಲ್ಲ, ಗಿಡವನ್ನು ನೋಡುತ್ತಿದ್ದೇನೆ ಎಂದರೆ ನಂಬಬೇಕಲ್ಲ. ಹಳದಿ ಮಣಿಗಳಂತೆ ಕಾಯಿ ಇಳಿಬಿಡುವ ಡ್ಯುರಾಂಟ ಚೆನ್ನಾಗಿತ್ತು, ಆದರೆ ಕಾಯಿ ವಿಷ, ನಮ್ಮ ಕಾಂಪೌಂಡಿನಲ್ಲಿ ಪುಟ್ಟ ಮಕ್ಕಳಿದ್ದರು. ನಮ್ಮ ಕವಳೆಕಾಯಿಯ ಜಾತಿಯದೊಂದು ಇಲ್ಲಿಯೂ ಇದೆ. ಅದರ ಹಣ್ಣು ಕಪ್ಪು, ಬೂದು ಗೋಡೆಯ ಮುಂದೆ ಕಪ್ಪು ಯಾಕೆ? ಕೊನೆಗೆ ಲ್ಯಾವಿಂಗ್ಟನ್ನಿನ ಒಂದು ಮೂಲೆಯಲ್ಲಿ ಕಂಡಿತು: ಮುಳ್ಳಿನ ಪೊದೆ, ಎಲೆಯೇ ಕಾಣದಷ್ಟು ಕೆಂಪು ಕಾಯಿ. ಪೈರಾಕಾಂತ ಅದರ ಹೆಸರು. ಮೋಡದ ಕೆಳಗೆ ಅಂಥ ಕೆಂಪು ಕಂಡು ನಾನು ರಸ್ತೆಯಲ್ಲೇ ನಕ್ಕುಬಿಟ್ಟೆ.

ಅದೇ ನರ್ಸರಿಯಲ್ಲಿ ಎದೆಯೆತ್ತರದ ಮೂರು ಗಿಡಗಳು ಸಿಕ್ಕವು. ಕಾಂಟ್ರ್ಯಾಕ್ಟ್ ಮುಗಿದರೆ ಹೊರಡುವವರೆಂದು ನಮ್ಮ ಊರ ಕಡೆಯವರೆಲ್ಲ ಕರಿಬೇವು, ತುಳಸಿ ಏನಿದ್ದರೂ ಕುಂಡದಲ್ಲೇ ಬೆಳೆಸುತ್ತಾರೆ. ನಾನು ಮಾಲೀಕರನ್ನು ಕೇಳಿ ಕಿಟಕಿಯ ಎದುರಿಗೆ ನೆಲ ಅಗೆಸಿ ನೆಟ್ಟೆ. "ಕುಂಡ ಸಾಕಿತ್ತಲ್ಲ?" ಎಂದರು ನಮ್ಮವರು. ನಾನು ಬುಡಕ್ಕೆ ಇನ್ನೊಂದು ಬಕೆಟ್ ನೀರು ಹಾಕಿದೆ.

ಮುಂದಿನ ಫೆಬ್ರವರಿಯಲ್ಲಿ ಮೂರೂ ಗಿಡಗಳು ಬಿಳಿ ಹೂ ಮುಡಿದು ನಿಂತವು. ದೇವರಿಗೆ ಅಂಗಳದ ಹೂವೇ ಆಗಬೇಕು, ಅಂಗಡಿಯ ಗುಲಾಬಿ ಫ್ರಿಜ್ಜಿನಲ್ಲಿಟ್ಟದ್ದು ಎಂದು ಗೊಣಗುತ್ತಿದ್ದ ನಮ್ಮವರಿಗೆ ಹಬ್ಬವಾಯಿತು. ಬೆಳಿಗ್ಗೆ ಸ್ನಾನ ಮಾಡಿ ತಟ್ಟೆ ಹಿಡಿದು ಹೋಗುತ್ತಿದ್ದರು. ದೇವರ ಗೂಡು ಬಿಳುಪೋ ಬಿಳುಪು. ಅದನ್ನು ನೋಡಿ ನಾನೂ ಹಿಗ್ಗಿದೆ.

ಮೂರನೆಯ ಜುಲೈ ಬಂತು. ಲ್ಯಾವಿಂಗ್ಟನ್ನಿನ ಮೂಲೆಯ ಗಿಡ ಕೆಂಪಾಗಿತ್ತು, ನಮ್ಮ ಗಿಡಗಳಲ್ಲಿ ಒಂದು ಕಾಯಿಯೂ ಇರಲಿಲ್ಲ. ಗೊಬ್ಬರ ಸಾಲದೇನೋ ಎಂದು ಹತ್ತಿರ ಹೋಗಿ ಕೊಂಬೆ ಹಿಡಿದು ನೋಡಿದರೆ, ಪ್ರತಿ ಗೊಂಚಲಿನ ಬುಡವೂ ಉಗುರಿನಿಂದ ಚಿವುಟಿದ ಹಾಗೆ ಚೊಕ್ಕಟವಾಗಿ ಒಣಗಿತ್ತು. ನನಗೆ ಆಗ ಹೊಳೆಯಿತು.

"ರೀ, ಹೂವನ್ನೆಲ್ಲ ಕಿತ್ತರೆ ಕಾಯಿ ಎಲ್ಲಿಂದ ಬರತ್ರೀ?"

"ದೇವರಿಗಲ್ವೇನೇ ಕಿತ್ತಿದ್ದು, ನಾನೇನು ವೇಸ್ಟ್ ಮಾಡಿದ್ನಾ?"

"ನನ್ನನ್ನ ಇಲ್ಲಿ ಉಳಿಸ್ಕೊಳ್ಳೋಕೆ ಅಂತ ನೆಟ್ಟ ಗಿಡ ಅದು. ಊರಿಗೆ ಕಳಿಸಿ ಆಮೇಲೆ ಎಷ್ಟು ಪೂಜೆ ಬೇಕಾದ್ರೂ ಮಾಡ್ಕೊಳ್ಳಿ!"

ಗಿಡ ಯಾತಕ್ಕೆ ಎಂದು ಅಲ್ಲಿಯವರೆಗೆ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವರ ಮುಖ ಸಣ್ಣದಾಯಿತು. ಮಗಳು ಪುಸ್ತಕದಿಂದ ತಲೆಯೆತ್ತಿ, "ಐಯಾಮ್ ನಾಟ್ ಗೋಯಿಂಗ್ ಎನಿವೇರ್" ಎಂದು ಮತ್ತೆ ಓದತೊಡಗಿದಳು. ಆ ಜುಲೈಯನ್ನು ಹಲ್ಲು ಕಚ್ಚಿ ಕಳೆದೆ. ಅತ್ತದ್ದು ಬಚ್ಚಲುಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು.

ಮತ್ತೆ ಫೆಬ್ರವರಿ, ಮತ್ತೆ ಹೂ. ಈ ಸಲ ನಮ್ಮವರು ತಾವಾಗಿಯೇ ಅಂಗಡಿಯ ಗುಲಾಬಿಗೆ ಮರಳಿದರು. ಆದರೂ ಬೆಳಿಗ್ಗೆ ಮಡಿಪಂಚೆಯಲ್ಲಿ ಗಿಡದ ಹತ್ತಿರ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ ಬರುತ್ತಿದ್ದರು. ಒಂದು ದಿನ ಕಾಂಪೌಂಡಿನ ಮಾಲಿ ಕತ್ತರಿ ಹಿಡಿದು ಬೇಲಿ ಸಮ ಮಾಡುತ್ತಾ ನಮ್ಮ ಗಿಡಗಳ ಹತ್ತಿರ ಬಂದ. ಪೂಜೆಗೆ ಕೂತಿದ್ದವರು ಗಂಟೆ ಕೈಯಲ್ಲೇ ಹಿಡಿದು ಓಡಿದರು. "ಹಪಾನ! ಹಪಾನ! ನೋ ಕಟಿಂಗ್!" ಬೇಡ ಎನ್ನುವುದಕ್ಕೆ ಇಲ್ಲಿ ಹಪಾನ ಎನ್ನುತ್ತಾರೆ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನ್ನನ್ನು ಕಳಿಸಬೇಕೆಂದಿರುವ ಮನುಷ್ಯ ಈ ಗಿಡಕ್ಕೆ ಇಷ್ಟು ಕಾವಲು ಕಾಯುತ್ತಾರೆಯೇ? ನನ್ನ ಕೋಪ ಅರ್ಧ ಇಳಿದದ್ದು ಅವತ್ತು.

ನಾಲ್ಕನೆಯ ಜುಲೈಗೆ ಕಿಟಕಿಯ ತುಂಬ ಕೆಂಪು. ಹಕ್ಕಿಗಳು ಬಂದವು, ಪಕ್ಕದ ಮನೆಯವರು ಬಂದು ಫೋಟೋ ತೆಗೆದರು. ಮಗಳ ಶಾಲೆಯಲ್ಲಿ ವರ್ಷ ಮುಗಿಯುವುದು ಜುಲೈಗೆ, ಆ ತಿಂಗಳು ಅವಳ ಏಳನೇ ಕ್ಲಾಸೂ ಮುಗಿದಿತ್ತು.

ಇಷ್ಟೆಲ್ಲ ಆದ ಮೇಲೂ ಒಂದು ಬೆಳಿಗ್ಗೆ, ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದಾಗ, ನನಗೆ ಅಳು ಬಂದುಬಿಟ್ಟಿತು. ಕಾರಣವೇನೂ ಇರಲಿಲ್ಲ. ಕಾಯಿ ಕೆಂಪಗೇ ಇತ್ತು, ಆಕಾಶವೂ ಬೂದಾಗಿಯೇ ಇತ್ತು. ಕಾಫಿಗೆಂದು ಬಂದ ನಮ್ಮವರು ಬಾಗಿಲಲ್ಲೇ ನಿಂತರು. ಈ ಸಲ ನಲ್ಲಿಯ ಸದ್ದಿನ ಮರೆಯೂ ಇರಲಿಲ್ಲ.

"ಊರಿಗೆ ಟಿಕೆಟ್..." ಎಂದರು.

"ಅಳೋಕೂ ಊರಿಗೇ ಹೋಗ್ಬೇಕೇನ್ರೀ? ಇಲ್ಲೇ ಅಳ್ತೀನಿ. ನೀವು ಕಾಫಿ ಕುಡೀರಿ."

ಅವರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ನಾನು ಬೆರೆಸಿಕೊಟ್ಟ ಕಾಫಿಯ ಲೋಟ ಕೈಯಲ್ಲಿ ಹಿಡಿದು, "ಹಾಗಾದ್ರೆ ಅವಳನ್ನ ಇಲ್ಲೇ ಎಂಟನೇ ಕ್ಲಾಸಿಗೆ ಸೇರಿಸೋಣ. ನನಗೆ ಒಬ್ಬನೇ ಇರೋಕೆ ಆಗಲ್ಲ ಕಣೇ" ಎಂದರು. ನನಗೆ ಅಳು ಇನ್ನೂ ಜೋರಾಯಿತು.