ಸ್ಟಾಕ್‌ಪೋರ್ಟಿನ ಮಾಜಿ ಮಂತ್ರಿಗಳು

ಅವರ ಎಡಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಒಂದು ರಕ್ತನಾಳ ಹೆಬ್ಬೆರಳ ಗಾತ್ರಕ್ಕೆ ಉಬ್ಬಿ ಮಲಗಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ವೈದ್ಯರು ಎರಡು ನಾಳಗಳನ್ನು ಕೂಡಿಸಿ ಹೊಲಿದದ್ದು. ಮುಟ್ಟಿದರೆ ಒಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತಿತ್ತು. ಹೊಸಬರು ಯಾರೇ ಸಿಗಲಿ, ಅಂಗಿಯ ತೋಳು ಮಡಚಿ ಕೈ ಚಾಚಿ, "ಮುಟ್ಟಿ ನೋಡಿ. ನನ್ನ ಇಲಾಖೆಗಳಲ್ಲಿ ಇನ್ನೂ ಕೆಲಸ ಮಾಡುತ್ತಿರುವುದು ಇದೊಂದೇ" ಅನ್ನುತ್ತಿದ್ದರು.

ಇಲಾಖೆ ಎಂದದ್ದು ಬರೀ ತಮಾಷೆಯಲ್ಲ. ಅವರು ಪ್ಯಾಲೆಸ್ತೀನಿನಲ್ಲಿ ಬಹುಕಾಲ ಮಂತ್ರಿಯಾಗಿದ್ದವರು. ವಿದ್ಯಾರ್ಥಿಯಾಗಿದ್ದಾಗ ಜೈಲು, ಆಮೇಲೆ ಎಂಜಿನಿಯರು, ತಮ್ಮ ಊರಿನ ಮೇಯರು, ಅಲ್ಲಿಂದ ಮಂತ್ರಿ. ಪ್ರಧಾನಿಗಳು ಬದಲಾದರು, ಸಂಪುಟಗಳು ಬಿದ್ದವು, ಖಾತೆಗಳು ಸ್ಥಳೀಯ ಆಡಳಿತದಿಂದ ಲೋಕೋಪಯೋಗಿಗೆ, ಅಲ್ಲಿಂದ ನೀರಿಗೆ ಬಂದವು. ಇವರ ಕುರ್ಚಿ ಮಾತ್ರ ಉಳಿಯಿತು. ಮೂತ್ರಪಿಂಡ ಕೈಕೊಟ್ಟ ಮೇಲೆ ಇಂಗ್ಲೆಂಡಿಗೆ, ಸ್ಟಾಕ್‌ಪೋರ್ಟಿನಲ್ಲಿದ್ದ ಮಗಳ ಮನೆಗೆ ಬಂದರು. ಮಗಳು ನನ್ನ ಅಮ್ಮ ಕೆಲಸ ಮಾಡುವ ಕ್ಲಿನಿಕ್ಕಿನಲ್ಲೇ ಜಿಪಿ, ಅಂದರೆ ಕುಟುಂಬ ವೈದ್ಯೆ. ಅಮ್ಮ ಅವರನ್ನು 'ಮಂತ್ರಿಗಳು' ಎಂದರೆ ಅಪ್ಪ 'ಮಾಜಿ' ಎನ್ನುತ್ತಿದ್ದರು.

ಮೊದಲ ಸಲ ನಮ್ಮ ಮನೆಗೆ ಬಂದದ್ದು ಯುಗಾದಿಯ ಊಟಕ್ಕೆ. ಇಲ್ಲಿನ ಕನ್ನಡದವರಲ್ಲಿ ಆರು ಗಂಟೆಗೆ ಬನ್ನಿ ಎಂದರೆ ಎಂಟಕ್ಕೆ ಬರುವುದು ಮರ್ಯಾದೆ. ಅವರು ಮಧ್ಯಾಹ್ನ ಮೂರಕ್ಕೇ ಸೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಮ್ಮ ನೈಟಿಯಲ್ಲಿದ್ದಳು, ಕೈತುಂಬ ಹೂರಣ.

"ಅಯ್ಯೋ ದೇವ್ರೇ, ಮಂತ್ರಿಗಳು ಬಂದೇಬಿಟ್ರಲ್ಲೇ! ಹೋಗೇ, ಕೂರಿಸಿ ಏನಾದ್ರೂ ಮಾತಾಡ್ಸು. ಡಿಬೇಟ್ ಮಾತ್ರ ಶುರು ಮಾಡ್ಬೇಡ."

ಅವರೇ ವಿವರಿಸಿದರು, ಇಂಗ್ಲಿಷಿನಲ್ಲಿ, ಒಂದೊಂದೇ ಪದ ಜೋಡಿಸಿ: ಅವರ ಕಡೆ ಪಕ್ಕದೂರಿಗೆ ಹೋಗಬೇಕೆಂದರೂ ಬೆಳಕು ಹರಿಯುವ ಮುಂಚೆ ಹೊರಡಬೇಕು, ದಾರಿ ಯಾವ ಗಳಿಗೆ ಮುಚ್ಚುತ್ತದೆ ಎಂದು ಮಂತ್ರಿಗೂ ಗೊತ್ತಿರುವುದಿಲ್ಲ.

"ಸ್ಟಾಕ್‌ಪೋರ್ಟಿನಲ್ಲಿ ಚೆಕ್‌ಪೋಸ್ಟ್ ಇಲ್ಲವಲ್ಲ" ಅಂದೆ.

"ಅದು ತಲೆಗೆ ಗೊತ್ತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ."

ನಾನಾಗ ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆಲ್ಲುತ್ತಿದ್ದೆ. ಅಧಿಕಾರದಲ್ಲಿ ಬಹಳ ದಿನ ಕೂತವರನ್ನು ಕಂಡರೆ ನನಗೆ ಮೊದಲು ಬರುವುದು ಅನುಮಾನ, ಗೌರವ ಆಮೇಲಿನ ಮಾತು. ಅಮ್ಮನ ಎಚ್ಚರಿಕೆ ಐದು ನಿಮಿಷವೂ ನಿಲ್ಲಲಿಲ್ಲ.

"ನಿಮ್ಮಲ್ಲಿ ವರ್ಷಗಟ್ಟಲೆ ಚುನಾವಣೆಯೇ ಆಗಿಲ್ಲ. ನಿಮ್ಮನ್ನು ಆರಿಸಿದವರು ಯಾರು?"

ಅಡುಗೆಮನೆಯಲ್ಲಿ ಅಮ್ಮ ಜೋರಾಗಿ ಕೆಮ್ಮಿದಳು. ಅವರು ಟೀ ಲೋಟ ಕೆಳಗಿಟ್ಟರು. "ಮೊದಲು ಜನ ಆರಿಸಿದರು. ಆಮೇಲೆ ತೆಗೆದುಹಾಕುವ ಅವಕಾಶ ಅವರಿಗೆ ಸಿಗಲಿಲ್ಲ. ಮುಂದಿನ ಪ್ರಶ್ನೆ?"

ಹೀಗೆ, ಅವರ ಮಗಳ ಮನೆಯಲ್ಲಿ, ನಮ್ಮ ಭಾನುವಾರಗಳು ಶುರುವಾದವು. ದಿನ ಬಿಟ್ಟು ದಿನ ಆಸ್ಪತ್ರೆಯ ಯಂತ್ರಕ್ಕೆ ಕೈಯೊಡ್ಡಿ ಬಂದವರಿಗೆ ಆ ಒಂದು ಮಧ್ಯಾಹ್ನ ಸ್ವಲ್ಪ ತ್ರಾಣವಿರುತ್ತಿತ್ತು. ಚರ್ಚಾಸ್ಪರ್ಧೆಯಲ್ಲಿ ನಾಣ್ಯ ಹಾರಿಸಿ ಪಕ್ಷ ಹಂಚುತ್ತಾರೆ, ಬಿದ್ದ ಪಕ್ಷವನ್ನು ನಂಬಲಿ ಬಿಡಲಿ ವಾದಿಸಲೇಬೇಕು ಎಂದು ಹೇಳಿದಾಗ ಮೊದಲು ಹೇಸಿದರು. "ನಮ್ಮಲ್ಲಿ ನಾಣ್ಯ ಹಾರಿಸುವುದು ನಾವು ಹುಟ್ಟುವ ಮೊದಲೇ" ಎಂದರು. ಆಮೇಲೆ ಆಟ ಅವರಿಗೆ ಎಷ್ಟು ಹಿಡಿಸಿತೆಂದರೆ, ನಾನು ಕೋಟು ಬಿಚ್ಚುವುದರೊಳಗೆ ನಾಣ್ಯ ಕೈಯಲ್ಲಿರುತ್ತಿತ್ತು. ಒಮ್ಮೆ ಅವರು ನೀರಿನ ಮಂತ್ರಿ, ನಾನು ಅವರ ನೆಲ ಆಕ್ರಮಿಸಿದವರ ಕಡೆಯ ಅಧಿಕಾರಿ. ಒಂದು ಹಳ್ಳಿಗೆ ಕೊಳವೆ ಹಾಕಲು ಅವರು ನನ್ನ ಅನುಮತಿ ಕೇಳಬೇಕು, ನಾನು ಕೊಡಬಾರದು.

"ನೀನು ಇಲ್ಲ ಅನ್ನುತ್ತಿದ್ದೀಯ" ಎಂದು ತಡೆದರು. "ಅವರು ಎಂದೂ ಇಲ್ಲ ಅನ್ನಲಿಲ್ಲ. 'ಪರಿಶೀಲಿಸುತ್ತೇವೆ' ಅಂದರು. ಇಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಕೊಳವೆಯ ನಕ್ಷೆ ಬರೆದ ಹುಡುಗ ನಿವೃತ್ತನಾದ. ಪರಿಶೀಲನೆ ಇನ್ನೂ ನಡೆಯುತ್ತಿದೆ."

ಅವರನ್ನು ಸಂತ ಮಾಡಲು ನಾನಿದನ್ನು ಬರೆಯುತ್ತಿಲ್ಲ. ಅವರೂ ಒಪ್ಪುತ್ತಿರಲಿಲ್ಲ. ಲೀಡ್ಸಿನಲ್ಲಿ ವಿದ್ಯಾರ್ಥಿಗಳು ಅವರನ್ನು ಮಾತಿಗೆ ಕರೆದಿದ್ದರು, ಕಾರು ನಾನೇ ಓಡಿಸಿದೆ. ಭಾಷಣ ಮುಗಿದ ಮೇಲೆ ಅವರ ನಾಡಿನದೇ ಒಬ್ಬ ಯುವತಿ ಎದ್ದು ನಿಂತಳು. "ಸರ್ಕಾರವನ್ನು ಟೀಕಿಸಿದ್ದಕ್ಕೆ ನನ್ನ ಅಣ್ಣನನ್ನು ಹಿಡಿದುಕೊಂಡು ಹೋದದ್ದು ಆಕ್ರಮಿಸಿದವರಲ್ಲ, ನಮ್ಮ ಪೊಲೀಸರು. ಆ ವಾರ ಸಂಪುಟದಲ್ಲಿ ನೀವಿದ್ದಿರಿ. ಏನು ಹೇಳಿದಿರಿ?"

"ಏನೂ ಹೇಳಲಿಲ್ಲ" ಎಂದರು. "ಅಂದು ನೀರಿನ ವಿಷಯವಿತ್ತು. ನಾನು ನೀರಿನ ಬಗ್ಗೆ ಮಾತಾಡಿದೆ."

ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಕೆ ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ವಾಪಸು ಬರುವಾಗ ಹೆದ್ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಒಳಗೊಳಗೇ ವಿರೋಧಿಸಿದ್ದೆ ಅನ್ನಬಹುದಿತ್ತು. ಯಾರು ಪರೀಕ್ಷೆ ಮಾಡುತ್ತಿದ್ದರು?"

"ಒಳಗೊಳಗೆ ವಿರೋಧಿಸಿದ್ದೆ, ನಿಜ. ಅದರಿಂದ ಆ ಹುಡುಗನಿಗೆ ಏನಾಯಿತು? ಸಂಪುಟದ ಕೋಣೆಯಲ್ಲಿ ಉಳಿದರೆ ಒಂದು ಕೊಳವೆಯನ್ನಾದರೂ ಹಾಕಿಸಬಹುದು ಅಂದುಕೊಂಡಿದ್ದೆ. ಒಂದಿಷ್ಟು ಹಾಕಿಸಿದೆ ಕೂಡ. ಆಕೆಯ ಅಣ್ಣನ ಬಾಯಿಗೆ ಆ ನೀರು ಹೇಗೆ ಇಳಿಯಿತೋ ಕೇಳಲು ಹೋಗಲಿಲ್ಲ."

ಗಾಜಾದ ಸುದ್ದಿ ಬರುವಾಗ ಟಿವಿಯ ದನಿ ಆರಿಸಿ ಬರೀ ಚಿತ್ರ ನೋಡುತ್ತಿದ್ದರು. ದನಿ ಯಾಕೆ ಬೇಡ ಎಂದರೆ, "ಹೇಳುವುದೆಲ್ಲ ನನಗೆ ಗೊತ್ತು. ನಾನೂ ಹೇಳಿದವನೇ" ಎನ್ನುತ್ತಿದ್ದರು. ಆ ಚಳಿಗಾಲ ಕಳೆಯುವ ಹೊತ್ತಿಗೆ ಅವರ ಬಾಯಲ್ಲಿ ಒಂದೇ ಮಾತು: ಊರಿಗೆ ಹೋಗಬೇಕು. ವೇದಿಕೆ ಹತ್ತಿದಾಗಲೆಲ್ಲ ಅವರು ಜನರಿಗೆ ಹೇಳುತ್ತಿದ್ದದ್ದು ಬಿಟ್ಟು ಹೋಗಬೇಡಿ, ಏನೇ ಆದರೂ ನೆಲ ಬಿಟ್ಟು ಹೋಗಬೇಡಿ ಎಂದು. ಹಾಗೆ ಹೇಳಿ ಉಳಿಸಿದವರನ್ನು ಅಲ್ಲಿ ಬಿಟ್ಟು ತಾವು ಸ್ಟಾಕ್‌ಪೋರ್ಟಿನಲ್ಲಿ ಸಾಯುವುದು ಅವರಿಗೆ ಆಗದ ಮಾತಾಗಿತ್ತು.

ಮಗಳಿಗೆ ಲೆಕ್ಕ ಸ್ಪಷ್ಟವಿತ್ತು. ಅಲ್ಲಿ ಡಯಾಲಿಸಿಸ್ ಇರುವುದು ದೂರದ ಪಟ್ಟಣದಲ್ಲಿ. ರಸ್ತೆ ಮುಚ್ಚಿದರೆ, ಒಂದೆರಡು ಸರದಿ ತಪ್ಪಿದರೆ, ಮುಗಿಯಿತು. ನನಗೆ ಫೋನು ಮಾಡಿದರು. "ನನ್ನ ಮಾತು ಕೇಳುತ್ತಿಲ್ಲ. ಊರೆಲ್ಲ ಕಪ್ಪು ಗೆದ್ದಿದ್ದೀಯಲ್ಲ, ಇದೊಂದು ಗೆದ್ದುಕೊಡು."

ಭಾನುವಾರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಗೊತ್ತು, ನಿನ್ನನ್ನು ಯಾಕೆ ಕರೆಸಿದ್ದಾಳೆ ಅಂತ. ನಿಯಮ ನಿಯಮವೇ" ಎಂದು ನಾಣ್ಯ ಹಾರಿಸಿದರು. ಅವರಿಗೆ 'ಉಳಿಯಬೇಕು' ಬಿತ್ತು, ನನಗೆ 'ಹೋಗಬೇಕು'. ಅಡುಗೆಮನೆಯ ಬಾಗಿಲಲ್ಲಿದ್ದ ಮಗಳ ಮುಖ ಅರಳಿತು.

ನಾನು ಕೊಟ್ಟ ಮಾತಿನ ಬಗ್ಗೆ, ಹೇಳಿದಂತೆ ನಡೆಯುವುದರ ಬಗ್ಗೆ ವಾದಿಸಿದೆ. ಅಚ್ಚುಕಟ್ಟಾಗಿತ್ತು, ಅಷ್ಟೇ. ಅವರು ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಈಗಷ್ಟೇ ಓದಲು ಕಲಿಯುತ್ತಿರುವ ಮೊಮ್ಮಗಳು, ಅವಳಿಗೆ ಅರಬ್ಬಿ ಅಕ್ಷರ ತೋರಿಸಲು ಈ ಊರಲ್ಲಿ ಇನ್ನಾರಿದ್ದಾರೆ ಎಂದರು. ಮಾತು ಉಳಿಸಿಕೊಳ್ಳಲು ಮನುಷ್ಯ ಬದುಕಿರಬೇಕು ಎಂದರು. ಕೊನೆಗೆ ದನಿ ತಗ್ಗಿಸಿದರು: "ಅಲ್ಲಿ ಡಯಾಲಿಸಿಸ್ ಹಾಸಿಗೆಗಳು ಕಡಿಮೆ. ನಾನು ಮಲಗುವ ಹಾಸಿಗೆ, ಬದುಕಿ ಬಾಳಬೇಕಾದ ಯಾವನೋ ಹುಡುಗನದು. ಮಾಜಿ ಮಂತ್ರಿ ಬಂದರೆ ಅವನನ್ನು ಎಬ್ಬಿಸುತ್ತಾರೆ. ನಾನು ಬಲ್ಲೆ, ನಮ್ಮವರು ಎಬ್ಬಿಸಿಯೇ ಎಬ್ಬಿಸುತ್ತಾರೆ."

ಸೋತೆ ಎಂದೆ.

"ಗೆದ್ದಿರಿ ಬಾಬಾ!" ಮಗಳು ನಗುತ್ತಲೇ ಅಳುತ್ತಿದ್ದರು. "ಹಾಗಾದರೆ ಉಳಿಯುತ್ತೀರಿ."

ಅವರು ಏದುಸಿರು ಬಿಡುತ್ತ ಕೂತರು. "ಗೆದ್ದೆ. ನಾನು ಯಾವಾಗಲೂ ಗೆದ್ದವನೇ ಮಗಳೇ. ಮಾತುಕತೆಯ ಮೇಜಿನ ಎದುರಿಗಿದ್ದವರು ಎದ್ದು ಬಂದು ಕೈಕುಲುಕಿ, ಬಹಳ ಚೆನ್ನಾಗಿ ಹೇಳಿದಿರಿ ಅನ್ನುತ್ತಿದ್ದರು. ಹೊರಗೆ ಬಂದು ನೋಡಿದರೆ ನಮ್ಮ ಗುಡ್ಡದ ಮೇಲೆ ಅವರದು ಇನ್ನೊಂದು ಸಾಲು ಮನೆ ಎದ್ದಿರುತ್ತಿತ್ತು." ಎಡಗೈಯ ಉಬ್ಬಿದ ನಾಳದ ಮೇಲೆ ಅಂಗಿಯ ತೋಳು ಎಳೆದುಕೊಂಡರು. "ಹಾಸಿಗೆಯ ಮಾತು ಮಾತ್ರ ಸರಿ. ಅಲ್ಲಿ ಹೋಗಿ ನಾನು ಹಾಸಿಗೆ ಕೇಳುವುದಿಲ್ಲ. ಟಿಕೆಟ್ ಮಾಡಿಸು."

ಹಾಸಿಗೆ ಕೇಳುವುದಿಲ್ಲ ಎಂದರೆ ಏನೆಂದು ಡಾಕ್ಟರಾದ ಮಗಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ತಂದೆ ಮಗಳು ಇಬ್ಬರೂ ಒಟ್ಟಿಗೆ ಹೊರಟರು. ಗಡಿಯ ತಪಾಸಣೆಯಲ್ಲಿ ತಂದೆಯನ್ನು ಒಳಗೆ ಬಿಟ್ಟು, ಬ್ರಿಟಿಷ್ ಪಾಸ್‌ಪೋರ್ಟಿನ ಮಗಳನ್ನು ಕಾರಣ ಹೇಳದೆ ಹಿಂದಕ್ಕೆ ಕಳಿಸಿದರು. ಅವರು ಊರು ಮುಟ್ಟಿದರು, ತಮ್ಮ ಕೋಣೆಯಲ್ಲೇ ಮಲಗಿದರು, ಯಂತ್ರದ ಹೆಸರೆತ್ತಲಿಲ್ಲ. ಬಹಳ ದಿನ ಹಿಡಿಯಲಿಲ್ಲ. ಮಣ್ಣು ಮಾಡುವಾಗ ಸೋದರಳಿಯ ಫೋನು ಎತ್ತಿ ಹಿಡಿದಿದ್ದ, ಮಗಳು ಸ್ಟಾಕ್‌ಪೋರ್ಟಿನ ಅಡುಗೆಮನೆಯಲ್ಲಿ ನಿಂತು ನೋಡಿದರು. ಅವರ ಪಕ್ಕದಲ್ಲಿ ಅಮ್ಮ ಇದ್ದಳು.

ವಾದ ಬೇರೆ, ಬದುಕು ಬೇರೆ ಎಂದು ತೀರ್ಪುಗಾರರು ನಮಗೆ ಹೇಳುವುದುಂಟು. ಅದು ಎಷ್ಟು ಬೇರೆ ಎಂದು ನನಗೆ ತೋರಿಸಿದವರು ಅವರೊಬ್ಬರೇ. ಆ ಋಣ ನನ್ನ ಮೇಲಿದೆ.

ಕೆಲವು ವಾರಗಳ ನಂತರ ಅಮ್ಮನನ್ನು ಕರೆತರಲು ಕ್ಲಿನಿಕ್ಕಿಗೆ ಹೋಗಿದ್ದೆ. ಮಗಳು ಕಾರ್ ಪಾರ್ಕಿನಲ್ಲಿ ಒಬ್ಬರೇ ನಿಂತಿದ್ದರು.

"ಅವತ್ತು ನೀನು ಹೇಳಿದ್ದನ್ನು ನಂಬಿದ್ದೆಯಾ?"

"ಇಲ್ಲ. ನನಗೆ ಬಿದ್ದ ಪಕ್ಷ ಅದು."

"ಅವರಿಗೂ ಅಷ್ಟೇ." ಕೊರಳಿನ ಸ್ಟೆತಸ್ಕೋಪನ್ನು ತೆಗೆದು ಜೇಬಿಗೆ ತುರುಕಿದರು. "ಆದರೆ ಅವರು ಮಾತಾಡುತ್ತಿದ್ದಷ್ಟು ಹೊತ್ತು ನಾನು ನಂಬಿಬಿಟ್ಟಿದ್ದೆ."

ಒಳಗಿನಿಂದ ಯಾರೋ ಕೂಗಿದರು, ರೋಗಿ ಕಾಯುತ್ತಿದ್ದಾರೆಂದು. ಅವರು ಹೋದರು.