ಒಲೆಯ ಪಕ್ಕದ ಎರಡು ಕೊಡ

ಅದು ಸೋಮವಾರ ಎಂದು ಮೊದಲು ಬರೆದೆ. ಆಮೇಲೆ ಹೊಡೆದುಹಾಕಿದೆ. ಸೋಮವಾರವಾಗಿದ್ದರೆ ಆ ಹೊತ್ತಿಗೆ ನಾನು ಬಸ್ಸಿನಲ್ಲಿರಬೇಕಿತ್ತು, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿರಲು ಸಾಧ್ಯವಿಲ್ಲ. ಮಧುಗಿರಿಯ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ಯಾರು ಹೇಳಿದ್ದು, ಎಷ್ಟು ಕಾಲದ ಮೇಲೆ ಹೇಳಿದ್ದು ಎಂದು ಕೇಳದೆ ಯಾವ ಮಾತನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವುದೇ ನನ್ನ ಕೆಲಸ. ಹಾಗಾಗಿ ಇಲ್ಲಿ ಬರೆಯುವುದರಲ್ಲೂ ಕೆಲವು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಮುಖ್ಯವಾಗಿ ನಾನೇ ಆಡಿದ ಒಂದು ಮಾತಿನ ವಿಷಯದಲ್ಲಿ.

ಇಷ್ಟಂತೂ ಸ್ಪಷ್ಟವಾಗಿದೆ. ನಾನು ಹಿಂದಿನಿಂದ "ಅತ್ತೆ" ಎಂದು ಕರೆದೆ. ಅವರು ಕತ್ತು ತಿರುಗಿಸಲಿಲ್ಲ. ಗಾಡಿ ತಿರುಗಿಸುವಂತೆ ಹೆಜ್ಜೆ ಎತ್ತಿಟ್ಟು ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು.

"ಕತ್ತಿಗೇನಾಯ್ತು?"

"ಏನಿಲ್ಲ ಕಣಮ್ಮ. ಬೆಳಿಗ್ಗೆ ಹೊತ್ತು ಒಸಿ ಬಿಗೀತದೆ. ಬಿಸ್ಲೇರಿದ್ರೆ ಸಡ್ಲ ಆಯ್ತದೆ ಬುಡು."

ಬಿಸಿಲೇರಿತು. ಇಳಿಯಿತು. ಕತ್ತು ಸಡಿಲವಾಗಲಿಲ್ಲ.

ನಮ್ಮ ಊರು ಮಿಡಿಗೇಶಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಮೂವರು. ಅತ್ತೆ ಹನುಮಕ್ಕ, ಟ್ರ್ಯಾಕ್ಟರ್ ರಿಪೇರಿ ಮಾಡುವ ನನ್ನ ಗಂಡ ನಾಗರಾಜ, ನಾನು. ಬೆಳಗಿನ ಬಸ್ಸು ಹಿಡಿಯಬೇಕಾದ್ದರಿಂದ ಅಡಿಗೆಮನೆ ಅತ್ತೆಯದು. ಭಾನುವಾರ ಮಾತ್ರ ನನ್ನದು.

ತುಮಕೂರಿನ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್, ಯೂರಿನ್ ಟೆಸ್ಟ್, ಬೆನ್ನಿನ ಮತ್ತು ಮೊಣಕೈಯ ಎಕ್ಸ್-ರೇ ಆಯಿತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅತ್ತೆಯ ವಯಸ್ಸು ಕೇಳಲಿಲ್ಲ. ಊರು ಯಾವುದು ಎಂದು ಕೇಳಿದರು. ಹೇಳಿದೆ.

"ಬೋರ್‌ವೆಲ್ ನೀರಾ?"

"ಹೌದು."

"ಎಷ್ಟು ವರ್ಷದಿಂದ?"

ಅತ್ತೆಯೇ ಉತ್ತರ ಕೊಟ್ಟರು. "ನಾನು ಲಗ್ನ ಆಗಿ ಬಂದಾಗ ಬಾವಿ ಇತ್ತು ಸ್ವಾಮಿ. ನಾಗರಾಜ ಹುಟ್ಟಿದ್ ವರ್ಸ ಬತ್ತೋಯ್ತು. ಅವತ್ತಿಂದ ಬೋರೇ."

ಫ್ಲೋರೋಸಿಸ್.

ನನಗೆ ಹೊಸ ಪದವೇನಲ್ಲ. ನನ್ನ ತರಗತಿಯ ಮುಂದಿನ ಬೆಂಚಿನ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಹಲ್ಲಿನ ಮೇಲಿನ ಕಂದು ಗೆರೆಗಳಿಂದ ಎಂದು ಗೊತ್ತಿತ್ತು. ಆದರೆ ಅದು ಹಲ್ಲಿನ ಕಾಯಿಲೆ ಎಂದುಕೊಂಡಿದ್ದೆ. ನೀರಿನಲ್ಲಿರುವ ಫ್ಲೋರೈಡ್ ಹಲ್ಲಿನಲ್ಲಿ ನಿಲ್ಲದೆ ಬೆನ್ನುಮೂಳೆಯ ಸಂದುಗಳಿಗೂ ಇಳಿದು, ಅಲ್ಲಿ ವರ್ಷವರ್ಷಕ್ಕೂ ಗಟ್ಟಿಯಾಗುತ್ತಾ ಮನುಷ್ಯನನ್ನು ಬಾಗದಂತೆ ಮಾಡುತ್ತದೆ ಎಂದು ಓದಿದ್ದರೂ ನಮ್ಮ ಮನೆಯವರ ಮೈಗೆ ಅದನ್ನು ಹೋಲಿಸಿ ನೋಡಿರಲಿಲ್ಲ.

"ಗಟ್ಟಿಯಾದದ್ದನ್ನು ಬಿಡಿಸೋ ಔಷಧಿ ಇಲ್ಲ. ಇನ್ನೂ ಗಟ್ಟಿಯಾಗದ ಹಾಗೆ ತಡೀಬಹುದು. ಮೊದಲು ನೀರು ಬದಲಾಯಿಸಿ," ಎಂದರು ಡಾಕ್ಟರು. ಕುಡಿಯುವುದಕ್ಕೆ, ಅಡಿಗೆಗೆ ಎಂದು ಬಿಡಿಸಿ ಹೇಳಿದರೇ? ನೆನಪಿಲ್ಲ. ಚೀಟಿಯನ್ನು ಮತ್ತೆ ತೆಗೆದು ನೋಡಿದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ಫಿಸಿಯೋಥೆರಪಿ ಎಂದಿದೆ. ಕೆಳಗೆ ಇಂಗ್ಲಿಷಿನಲ್ಲಿ 'ಸೇಫ್ ವಾಟರ್' ಎಂದು ಎರಡೇ ಪದ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಕೊರಟಗೆರೆ ದಾಟಿದ ಮೇಲೆ ಬಾಯಿ ಬಿಟ್ಟರು. "ಇಷ್ಟ್ ದಿನ ನೀರ್ ಕುಡ್ದೇ ಬದುಕಿದ್ದು. ಈಗ ನೀರೇ ಕಾಯ್ಲೆ ಅಂದ್ರೆ ಏನ್ ಕುಡೀಲಿ, ಸೀಮೆಎಣ್ಣೇನಾ?" ಪಕ್ಕದ ಸೀಟಿನವರು ನಕ್ಕರು. ನಾನೂ ನಕ್ಕೆ.

ಮುಂದಿನ ವಾರ ಮನೆಗೆ ಆರ್‌ಒ ಫಿಲ್ಟರ್ ಬಂತು. ಕೂರಿಸಿಕೊಟ್ಟವನು ಸಿರಾದ ಸಾದಿಕ್. ಗೋಡೆಗೆ ಡಬ್ಬ ಹೊಡೆದು, ಬೋರಿನ ನೀರು ಕೊಟ್ಟು, ಸ್ವಿಚ್ಚು ಹಾಕಿದ. ಕೆಳಗಿನ ನಲ್ಲಿಯಿಂದ ಒಳ್ಳೆಯ ನೀರು. ಪಕ್ಕದ ಬಿಳಿ ಪೈಪಿನಿಂದ ವೇಸ್ಟ್ ನೀರು, ಸೀದಾ ಮೋರಿಗೆ. ಒಂದು ಕೊಡ ಒಳ್ಳೆಯದು ತುಂಬುವಷ್ಟರಲ್ಲಿ ಎರಡು ಕೊಡಕ್ಕೂ ಹೆಚ್ಚು ಹರಿದುಹೋಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು.

"ಇದೇನಪ್ಪಾ ನಿನ್ ಮಿಷನ್ನು, ಒಂದ್ ಗುಟುಕು ನುಂಗಿ ಎಲ್ಡು ಗುಟುಕು ಉಗೀತದೆ."

"ಅದರ ಆದತ್ತು, ಅಭ್ಯಾಸಾನೇ ಅಷ್ಟು ಅಮ್ಮಾ," ಎಂದ ಸಾದಿಕ್.

ನೀರು ಸುಮ್ಮನೆ ಮೋರಿಗೆ ಹೋಗುವುದನ್ನು ನೋಡುವ ಶಕ್ತಿ ನಮ್ಮ ಸೀಮೆಯವರಿಗಿಲ್ಲ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಗೆ, ಬಟ್ಟೆ ಒಗೆದ ನೀರು ಅಂಗಳಕ್ಕೆ, ಊಟದ ಮುಂಚೆ ಕೈ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಎರಡು ದಿನ ಅತ್ತೆ ಆ ಬಿಳಿ ಪೈಪನ್ನು ಸಹಿಸಿಕೊಂಡರು. ಮೂರನೇ ದಿನ ಅದರ ಬಾಯಿಗೆ ಇನ್ನೊಂದು ಸ್ಟೀಲ್ ಕೊಡ ಬಂದಿತ್ತು. ಒಲೆಯ ಪಕ್ಕದಲ್ಲಿ ಎರಡು ಕೊಡ, ಒಂದೇ ಅಳತೆಯವು, ಒಂದೇ ರೀತಿ ಬೆಳಗಿದವು.

ನಾನು ಹೊಗಳಿದೆ. ಹೊಗಳಿದ್ದು ಖಂಡಿತ ನೆನಪಿದೆ.

ಆಮೇಲೆ ಒಂದೂವರೆ ವರ್ಷ. ಅತ್ತೆ ಮಾತ್ರೆ ತಪ್ಪಿಸಲಿಲ್ಲ. ಮಂಚದ ಮೇಲೆ ಕೂತು ಫಿಸಿಯೋಥೆರಪಿಯವರು ತೋರಿಸಿದಂತೆ ಭುಜ ತಿರುಗಿಸುತ್ತಿದ್ದರು. ಆದರೂ ಮೈ ಅವರ ಕೈಯಿಂದ ಒಂದೊಂದೇ ಕೆಲಸವನ್ನು ಕಿತ್ತುಕೊಳ್ಳುತ್ತಾ ಹೋಯಿತು. ಮೊದಲು ನೆಲಕ್ಕೆ ಕೂರುವುದು. ಆಮೇಲೆ ಬಗ್ಗಿ ಕಸ ಗುಡಿಸುವುದು. ಕೊನೆಗೆ ಒಂದು ದಿನ ಬಾಚಣಿಗೆ ಹಿಡಿದ ಕೈ ಎದೆಯ ಮಟ್ಟದಿಂದ ಮೇಲೇಳಲಿಲ್ಲ.

ಅಂದಿನಿಂದ ನಾನೇ ತಲೆ ಬಾಚತೊಡಗಿದೆ. "ಬಸ್ ಹೊಂಟೋಗ್ತದೆ, ಬಿರ್ರನೆ ಎಣೆಯೇ. ನಂಗೇನ್ ಗಂಡು ನೋಡಾಕ್ ಬತ್ತಾರಾ?" ಎನ್ನುತ್ತಿದ್ದರು.

ಸುಳಿವುಗಳು ಇದ್ದವು. ಈಗ ಎಣಿಸಿದರೆ ಎಲ್ಲವೂ ಸಾಲಾಗಿ ನಿಲ್ಲುತ್ತವೆ, ಆಗ ಬಿಡಿಬಿಡಿಯಾಗಿದ್ದವು. ತೊಗರಿಬೇಳೆ ಎಷ್ಟು ವಿಷಲ್ ಕೂಗಿಸಿದರೂ ಬೇಯುತ್ತಿರಲಿಲ್ಲ, ಅಂಗಡಿಯವನನ್ನು ಬೈದೆವು. ಟೀ ಪಾತ್ರೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟುತ್ತಿತ್ತು, ಹಿಂದೆಯೂ ಕಟ್ಟುತ್ತಿತ್ತಲ್ಲ ಎಂದುಕೊಂಡೆ. ಕರಿಬೇವಿನ ಎಲೆಗಳ ಅಂಚು ಸುಟ್ಟ ಹಾಗಾಗಿತ್ತು, ಬಿಸಿಲಿಗೆ ಎಂದುಕೊಂಡೆ.

ಮತ್ತೆ ತುಮಕೂರಿಗೆ ಹೋದೆವು. ಯೂರಿನ್ ಟೆಸ್ಟಿನಲ್ಲಿ ಫ್ಲೋರೈಡ್ ಕಡಿಮೆಯಾಗಿರಲಿಲ್ಲ. ತುಸು ಏರಿತ್ತು.

"ಫಿಲ್ಟರ್ ಹಾಕಿಸಿದ್ದೀರಿ ತಾನೇ?" ಡಾಕ್ಟರು ನನ್ನನ್ನೇ ಕೇಳಿದರು.

"ಹಾಕಿಸಿದ್ದೀವಿ," ಎಂದೆ. ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಓದಿದವಳನ್ನು ಹೀಗೆ ಕೇಳುವುದೇ ಎಂಬ ಸಿಟ್ಟು.

ಮಿಷನ್ನೇ ಸರಿಯಿಲ್ಲ ಎಂದು ಸಾದಿಕ್‌ನನ್ನು ಕರೆಸಿದೆ. ಅವನು ಪೆನ್ನಿನಂಥ ಒಂದು ಮೀಟರನ್ನು ಫಿಲ್ಟರ್ ನೀರಿನ ಲೋಟಕ್ಕೆ ಅದ್ದಿದ. ನೀರಿನಲ್ಲಿ ಕರಗಿರುವ ಉಪ್ಪುಗಳನ್ನೆಲ್ಲ ಸೇರಿಸಿ ತೋರಿಸುವ ಮೀಟರು ಅದು. ಎರಡೇ ಅಂಕಿ ಬಂತು. "ಬಿಲ್ಕುಲ್ ಚೆನ್ನಾಗಿದೆ ಮೇಡಂ. ಮಿಷನ್ ಮೇಲೆ ತಪ್ಪು ಹಾಕಬೇಡಿ."

ಅಷ್ಟರಲ್ಲಿ ಅತ್ತೆ ಅವನಿಗೆಂದು ಟೀಗೆ ಇಟ್ಟರು. ಕೊಡದಿಂದ ಮೊಗೆದು ಪಾತ್ರೆಗೆ ನೀರು ಸುರಿದರು. ಸಾದಿಕ್ ಚೀಲ ಮುಚ್ಚುತ್ತಿದ್ದವನು ನಿಲ್ಲಿಸಿದ.

"ಅಮ್ಮಾ, ಯಾವ ಕೊಡದಿಂದ ಹಾಕಿದ್ರಿ?"

"ಇದ್ರಿಂದ್ಲೇ. ಯಾಕಪ್ಪಾ?"

ಬಿಳಿ ಪೈಪಿನ ಕೊಡ.

ಅವನು ಎದ್ದು ಹೋಗಿ ಒಲೆ ಆರಿಸಿದ. ಮೀಟರನ್ನು ಆ ಕೊಡಕ್ಕೆ ಅದ್ದಿದ. ನಾಲ್ಕು ಅಂಕಿ. ಬೋರಿನ ನಲ್ಲಿ ತಿರುಗಿಸಿ ಅದನ್ನೂ ನೋಡಿದ. ಬೋರಿನದು ಅದಕ್ಕಿಂತ ಕಡಿಮೆಯಿತ್ತು.

"ಅಡಿಗೇನೂ ಇದರಲ್ಲೇನಾ ಅಮ್ಮಾ?"

"ಊಂ. ಆ ನೀರು ಸಪ್ಪೆ ಕಣಪ್ಪಾ, ಸಾರಿಗೆ ರುಚಿ ಹತ್ತಾಕಿಲ್ಲ. ಅದು ಕುಡಿಯಾಕೆ ಮಾತ್ರ. ಇದೂ ಮಿಷನ್ನೊಳಕ್ಕೋಗಿ ಬಂದಿರೋ ನೀರೇ ಅಲ್ವಾ? ಬೋರಿನ್ದಕ್ಕಿಂತ ಮೇಲಲ್ವಾ?"

"ಅಮ್ಮಾ," ಎಂದ ಸಾದಿಕ್, ಬಹಳ ಮೆಲ್ಲಗೆ, "ಆ ಕಡೆ ಒಳ್ಳೇದು ಬರ್ತಾ ಇದೆ ಅಂದ್ರೆ, ಅದರಲ್ಲಿದ್ದ ಖರಾಬೆಲ್ಲಾ ಈ ಕಡೆ ಬರ್ತಾ ಇದೆ ಅಂತ. ಇದು ಬೋರಿಗಿಂತ ಕೆಟ್ಟದ್ದು."

ಒಂದೂವರೆ ವರ್ಷದ ಸಾರು. ಮುದ್ದೆಯ ಎಸರು. ದಿನಕ್ಕೆ ನಾಲ್ಕು ಸಲ ಟೀ.

ಸಂಜೆ ನಾಗರಾಜ ಬಂದು ಕೇಳಿ ಗೋಡೆಗೆ ಒರಗಿದರು. "ಅಲ್ಲ ಕಣವ್ವ, ಮೋರಿಗೋಗೋ ನೀರಲ್ಲಿ ಮುದ್ದೆ ತೊಳಸಿದ್ಯಾ?"

"ಚೆನ್ನಾಗೈತೆ ಅಂತ ಎಲ್ಡೆಲ್ಡು ನುಂಗಿದೋನು ನೀನೇ ಅಲ್ವೇನ್ಲಾ?" ಎಂದರು ಅತ್ತೆ.

ಅಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ಏಕೆಂದರೆ ಎರಡನೇ ಕೊಡವನ್ನು ಮೊದಲು ನೋಡಿದ ದಿನ ಹೊಗಳಿದ ಮೇಲೆ ನಾನು ಇನ್ನೂ ಏನೋ ಹೇಳಿದೆ. ನೆಲ ಒರೆಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಇದನ್ನು ಬಳಸಿ ಎಂದೆ ಎಂದು ಒಂದು ನೆನಪು. ಕುಡಿಯುವುದೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಇದೇ ಸಾಕು ಎಂದೆ ಎಂದು ಇನ್ನೊಂದು. ಎರಡೂ ನನ್ನ ದನಿಯಲ್ಲೇ ಕೇಳಿಸುತ್ತವೆ. ಡೈರಿ ತೆಗೆದು ಆ ವಾರದ ಪುಟ ಹುಡುಕಿದೆ. 'ಅತ್ತೆ ವೇಸ್ಟ್ ನೀರನ್ನೂ ಹಿಡಿದಿಡುತ್ತಿದ್ದಾರೆ. ಒಂದು ಹನಿಯೂ ಹೋಗುವುದಿಲ್ಲ' ಎಂದು ಬರೆದಿದ್ದೇನೆ. ಕೆಳಗೆ ಗೆರೆ ಎಳೆದಿದ್ದೇನೆ. ಹೇಳಿದ್ದು ಏನೆಂದು ಬರೆದಿಲ್ಲ.

ಇನ್ನೊಂದು ವಿಷಯ. ಭಾನುವಾರಗಳಲ್ಲಿ ಅಡಿಗೆ ಮಾಡುತ್ತಿದ್ದವಳು ನಾನು. ನಾನು ಯಾವ ಕೊಡದಿಂದ ಮೊಗೆಯುತ್ತಿದ್ದೆ? ಕಣ್ಣು ಮುಚ್ಚಿದರೆ ಕೈಯಲ್ಲಿ ಚೊಂಬು ಕಾಣುತ್ತದೆ, ಕೊಡ ಕಾಣುವುದಿಲ್ಲ.

ನನಗೂ ನಾಗರಾಜರಿಗೂ ಟೆಸ್ಟ್ ಮಾಡಿಸಿದೆವು. ಸದ್ಯಕ್ಕೆ ಚಿಂತೆಯಿಲ್ಲ, ವರ್ಷಕ್ಕೊಮ್ಮೆ ನೋಡೋಣ ಎಂದರು ಡಾಕ್ಟರು. ಆ ಬಿಳಿ ಪೈಪಿಗೆ ಈಗ ಉದ್ದನೆಯ ಟ್ಯೂಬ್ ಸಿಕ್ಕಿಸಿ ಬಚ್ಚಲಿನ ಡ್ರಮ್ಮಿಗೆ ಬಿಟ್ಟಿದ್ದೇವೆ. ನೆಲ ಒರೆಸುವುದಕ್ಕೆ, ಕಕ್ಕಸಿಗೆ ಅದು. ಗಿಡಕ್ಕೂ ಹಾಕುವುದಿಲ್ಲ. ಡಾಕ್ಟರು ಮಳೆನೀರು ಹಿಡಿಯಲು ಹೇಳಿದ್ದರು. ನಾಗರಾಜ ಮಾಡಿನ ಶೀಟಿನ ಅಂಚಿಗೆ ನೀರು ಹರಿಯುವ ದೋಣಿ ಕೂರಿಸಿ, ಮರಳು ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಮುಚ್ಚಿದ ತೊಟ್ಟಿಗೆ ಪೈಪು ಎಳೆದರು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಶೀಟಿನ ಧೂಳೆಲ್ಲ ಅದರಲ್ಲಿರುತ್ತದೆ. ಅತ್ತೆ ಅದನ್ನೂ ಬಕೆಟ್ಟಿಗೆ ಹಿಡಿದರು. ಹಿಡಿದು, ನನ್ನ ಮುಖ ನೋಡಿ, ಕರಿಬೇವಿನ ಗಿಡದ ಕಡೆ ಬೆರಳು ತೋರಿಸಿದರು. ತಲೆಯಾಡಿಸಿದೆ.

ಮೊದಲ ಸಲ ಮಳೆನೀರಿನಲ್ಲಿ ಬೇಳೆ ಇಟ್ಟಾಗ ಮೂರೇ ವಿಷಲ್‌ಗೆ ಕರಗಿಹೋಗಿತ್ತು. ಅತ್ತೆ ಸೌಟಿನಲ್ಲಿ ಎತ್ತಿ ಎತ್ತಿ ನೋಡಿದರು. "ಅಂಗಡಿ ರಾಮಯ್ಯನ್ನ ಸುಮ್ನೆ ಬೈದ್ಬುಟ್ವಲ್ಲೇ," ಎಂದರು.

ಈಚಿನ ಟೆಸ್ಟಿನಲ್ಲಿ ಫ್ಲೋರೈಡ್ ಇಳಿದಿದೆ. ಎಕ್ಸ್-ರೇ ಹಾಗೇ ಇದೆ. ಹಾಗೇ ಇರುವುದೇ ಒಳ್ಳೆಯ ಸುದ್ದಿ ಎಂದರು ಡಾಕ್ಟರು. ಅತ್ತೆಯ ಕತ್ತು ಈಗಲೂ ತಿರುಗುವುದಿಲ್ಲ, ತಿರುಗುತ್ತದೆ ಎಂದು ಯಾರೂ ಹೇಳಿಲ್ಲ. ಆದರೆ ಬೆಳಗಿನ ನೋವು ಕಡಿಮೆಯಾಗಿದೆ. ಇಷ್ಟಕ್ಕೆ ನಾನು ದಿನಾ ಯಾರಿಗೋ ಕೈ ಮುಗಿಯುತ್ತೇನೆ. ಮೋಡಕ್ಕೋ, ಟೀ ಕುಡಿಯದೆ ಎದ್ದ ಸಾದಿಕ್‌ಗೋ ಗೊತ್ತಿಲ್ಲ.

ಕಳೆದ ಭಾನುವಾರ ಅಂಗಳದಲ್ಲಿ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಹಿಂದೆ ನಿಂತು ತಲೆ ಬಾಚುತ್ತಿದ್ದೆ. ನನ್ನ ಮುಖ ನೋಡಬೇಕೆಂದರೆ ಅವರು ಎದ್ದು ಇಡೀ ಮೈ ತಿರುಗಿಸಬೇಕಿತ್ತು. ಆ ಧೈರ್ಯದಲ್ಲೇ ಕೇಳಿದೆನೋ ಏನೋ.

"ಅತ್ತೆ, ಕುಡಿಯೋದೊಂದು ಬಿಟ್ಟು ಎಲ್ಲದಕ್ಕೂ ಆ ನೀರೇ ಹಾಕಿ ಅಂತ ನಿಮಗೆ ನಾನೇ ಹೇಳಿದ್ನಾ?"

ಅವರು ತಿರುಗಲಿಲ್ಲ. ಮಡಿಲಲ್ಲಿದ್ದ ಹೇರ್‌ಪಿನ್ನನ್ನು ತೆಗೆದುಕೊಂಡು, ನಿಧಾನವಾಗಿ, ಎದೆಯ ಮಟ್ಟ ದಾಟದಿದ್ದ ಆ ಕೈಯನ್ನು ಹೆಗಲಿನವರೆಗೂ ಎತ್ತಿ ಹಿಂದಕ್ಕೆ, ನನ್ನ ಕಡೆಗೆ ಚಾಚಿದರು.