ಗೋರ್ವಾದ ಕಾಕೂ ಕೇಳಿದ ಪ್ರಶ್ನೆ

ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಲೇಸಿಗೆ ಎರಡೆರಡು ಗಂಟು. ಕಾಕೂ ಹೊರಗೆ ಹೊರಟರೆಂದರೆ ಹೀಗೆಯೇ. ಚಪ್ಪಲಿಯಲ್ಲಿ ಕಚೇರಿಗಳ ಮೆಟ್ಟಿಲು ಹತ್ತಿಳಿದು ಕಾಲು ಊದಿಕೊಂಡ ಮೇಲೆ ಕೊಂಡ ಬೂಟು ಅದು.

ವಡೋದರಾದ ಗೋರ್ವಾದಲ್ಲಿ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ಎಂಟು ವರ್ಷ ಬಾಡಿಗೆಗಿದ್ದೆ. ಗಂಡನ ನೌಕರಿಯ ಬೆನ್ನಿಗೆ ಧಾರವಾಡದಿಂದ ಬಂದವರು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಿದ್ದರು. ಒಬ್ಬನೇ ಮಗ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ.

ನಾನು ಆ ಮನೆ ಸೇರಿದ ಎರಡನೆಯ ವರ್ಷ, ತರಬೇತಿಗೆ ಹೊರಟ ಅವನ ಲಾರಿ ಘಾಟಿಯಲ್ಲಿ ಉರುಳಿತು. ಅವನೂ ಹಿಂದೆ ಕೂತಿದ್ದ ಇನ್ನೊಬ್ಬ ಸೈನಿಕನೂ ಸತ್ತರು. ಕೆಲವು ತಿಂಗಳ ನಂತರ ಸೈನ್ಯದಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಓದಿ ಹೇಳು ಎಂದರು. ನಾನು ನಡುವಿನ ಒಂದು ಸಾಲನ್ನು ನುಂಗಿಕೊಂಡೆ.

"ಒಂದ ಸಾಲು ಬಿಟ್ಟಿ," ಎಂದರು ಕಾಕೂ. "ನಿನ್ನ ಕಣ್ಣು ಅಲ್ಲೇ ನಿಂತಿತ್ತು. ಓದು."

ಅಪಘಾತಕ್ಕೆ ಚಾಲಕನ ನಿರ್ಲಕ್ಷ್ಯವೇ ಕಾರಣ ಎಂದಿತ್ತು. ಅವರು ಅಳಲಿಲ್ಲ. "ಬ್ರೇಕ್ ಸರಿ ಇಲ್ಲಂತ ಅವ ಎರಡ ಸಲ ಬರದ ಕೊಟ್ಟಿದ್ದ. ಫೋನ್‌ನ್ಯಾಗ ನನಗ ಹೇಳ್ಯಾನ. ಆ ಕಾಗದ ಎಲ್ಲಿ ಹೋತು, ಕೇಳೂಣು."

ಕೇಳುತ್ತಲೇ ಹೋದರು. ಸೈನ್ಯದ ಕಚೇರಿಗಳಿಗೆ ಹೋಗುವ ಪತ್ರಗಳನ್ನು ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಒಂದು ಬಿರುಸು ಮಾತೂ ಇರಕೂಡದು. "ಸಿಟ್ಟು ಕಂಡರ ಅವರು ಸಿಟ್ಟಿಗೆ ಉತ್ತರ ಬರೀತಾರ. ನನಗ ಪ್ರಶ್ನಿಗೆ ಬೇಕು."

ಈ ನಡುವೆ ಅಹಮದಾಬಾದಿನ ನರೋಡಾಕ್ಕೆ, ಸತ್ತ ಇನ್ನೊಬ್ಬ ಸೈನಿಕನ ತಾಯಿಯ ಮನೆಗೆ ಹೋದೆವು. ಆ ಗುಜರಾತಿ ತಾಯಿ ಹೊಸ್ತಿಲಲ್ಲೇ ನಿಂತು, "ನಿನ್ನ ಮಗ ನನ್ನ ಮಗನನ್ನು ಕೊಂದ," ಎಂದು ಹಿಂದಿಯಲ್ಲಿ ಹೇಳಿ ಕದ ಹಾಕಿಕೊಂಡರು. ಮರಳುವ ರೈಲಿನಲ್ಲಿ ಕಾಕೂ, "ಆಕೀದು ತಪ್ಪಿಲ್ಲ. ಆಕಿಗೂ ಅದೇ ಪತ್ರ ಬಂದದ," ಎಂದರು.

ನಾಲ್ಕು ವರ್ಷಕ್ಕೆ ಮರುವಿಚಾರಣೆಯ ಉತ್ತರ ಬಂತು. ಮಗ ಸಹಿ ಹಾಕಿದ್ದ ಎರಡೂ ದೂರುಗಳು ಸಿಕ್ಕಿದ್ದವು. ತಪ್ಪು ಚಾಲಕನದಲ್ಲ, ಕೆಟ್ಟ ಲಾರಿಯನ್ನು ಹೊರಡಿಸಿದ್ದೇ ತಪ್ಪು ಎಂದಿತ್ತು. ಹೊರಡಿಸಿದವರು ಯಾರು ಎಂದಿರಲಿಲ್ಲ. "ಅರ್ಧ ಉತ್ತರ," ಎಂದು ಮತ್ತೊಂದು ಪತ್ರ ಬರೆಸಿದರು. ಆದರೆ ಅದಕ್ಕೂ ಮೊದಲು ನರೋಡಾಕ್ಕೆ ಹೊರಟರು.

ಆ ತಾಯಿ ಸೊಸೆಯಿಂದ ಉತ್ತರವನ್ನು ಎರಡು ಸಲ ಓದಿಸಿಕೊಂಡರು. "ಬ್ರೇಕ್ ಇಲ್ಲವೆಂದು ಗೊತ್ತಿದ್ದೂ ನಿನ್ನ ಮಗ ಯಾಕೆ ಓಡಿಸಿದ?"

ಕಾಕೂ ತಮ್ಮ ಧಾರವಾಡದ ಹಿಂದಿಯಲ್ಲಿ, "ಹುಕುಂ ಇತ್ತು," ಎಂದರು. "ನಿನ್ನ ಮಗನೂ ಅದಕ್ಕೇ ಹತ್ತಿ ಕೂತ."

ಅಂದು ನಮ್ಮನ್ನು ಒಳಗೆ ಕರೆದರು.

ಆಮೇಲೆ ಆ ಇಬ್ಬರೂ ಕೂಡಿಯೇ ತಿರುಗಿದರು. ಸೂರತ್ ಬಳಿಯ ಸಚಿನ್ ಎಂಬ ಊರಿನಲ್ಲಿ, ಬಣ್ಣದ ಕಾರ್ಖಾನೆಯ ಕೆಲಸಗಾರನೊಬ್ಬನ ಮಗ ಸೈನ್ಯದ ಶಿಬಿರದಲ್ಲಿ ಸತ್ತಾಗ ಮೂರು ಸಲ ಹೋದರು. ದೇವರ ಇಚ್ಛೆ ಎಂಬ ಮಾತು ಕಾಕೂ ಎಲ್ಲೂ ಆಡಲಿಲ್ಲ. ಆ ಹುಡುಗನ ತಾಯಿಯ ಪಕ್ಕ ಕೂತು, "ಅಳು. ಆದರೆ ಯಾರು ಏನು ಹೇಳಿದರು ಅಂತ ಅವತ್ತೇ ಬರೆಸಿಡು," ಎಂದರು.

ಕಳೆದ ವರ್ಷ ಕಾಕೂ ತೀರಿಕೊಂಡಾಗ ಲಾರಿ ಹೊರಡಿಸಿದವರು ಯಾರು ಎಂಬ ಆ ಎರಡನೆಯ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ. ಈಗ ಅದನ್ನು ನಾನು ಟೈಪ್ ಮಾಡಿ ಕಳಿಸುತ್ತೇನೆ, ಸಹಿ ನರೋಡಾದ ತಾಯಿಯದು. ಕಾಕೂ ಹೋದ ಮೇಲಿನ ಹದಿಮೂರು ದಿನವೂ ಅವರು ಗೋರ್ವಾದ ಮನೆಯಲ್ಲೇ ಇದ್ದರು. ಮಾತನಾಡಿಸಲು ಬಂದ ಪ್ರತಿಯೊಬ್ಬರಿಗೂ, ಯಾರೂ ಕೇಳದಿದ್ದರೂ, ಹೇಳುತ್ತಿದ್ದರು: "ಇವರ ಮಗ ಒಳ್ಳೆಯ ಡ್ರೈವರ್ ಇದ್ದ."